ನಂಬರು ಹೊಸದು, ಅತ್ತೆ ಹಳೆಯವರು

ಭೂಮಿಯ ಮೇಲಿನ ಕಳ್ಳರೆಲ್ಲ ಒಂದೇ ಟ್ರ್ಯಾಕ್ಟರಿನಲ್ಲಿ ಬಂದು ಮನೆ ಮುಂದೆ ಇಳಿದರೂ ತನ್ನ ಫೋನಿನಿಂದ ಒಂದು ರೂಪಾಯಿ ಕೂಡ ತಪ್ಪು ಕೈಗೆ ಹೋಗಲು ಬಿಡುವುದಿಲ್ಲ ಎಂದು ಮೊರಬದ ಗೌರೀಶ ಪ್ರತಿಜ್ಞೆ ಮಾಡಿದ. ಅದನ್ನು ಮಾಡಿದ್ದು ಗುಡಿಯಲ್ಲಲ್ಲ, ನವಲಗುಂದದ ಲಾರಿ ತೂಗುವ ಕಾಟಾದ ಗಾಜಿನ ಕೋಣೆಯಲ್ಲಿ, ತಿಂಗಳಿಗೆ ಹದಿನಾಲ್ಕು ಸಾವಿರ ಸಂಬಳದ ಒಂದು ಮುರುಕು ಕುರ್ಚಿಯ ಮೇಲೆ ಕುಳಿತು. ತಿಂಗಳ ಇಪ್ಪತ್ತನೇ ತಾರೀಖು ದಾಟಿದ ಮೇಲೆ ಆ ಫೋನಿನಲ್ಲಿ ಕಳ್ಳನಿಗೆ ಸಿಗುವಂಥದ್ದೇನೂ ಇರುತ್ತಿರಲಿಲ್ಲ ಎಂಬುದು ಬೇರೆ ಮಾತು. ಕೋಟೆ ಕಟ್ಟುವವನು ಒಳಗೆ ಏನಿದೆ ಎಂದು ನೋಡಿಕೊಂಡು ಕಟ್ಟುವುದಿಲ್ಲ.

ಪ್ರತಿಜ್ಞೆಗೆ ಕಾರಣನಾದವನು ದಾನೀಶ್. ಅದೇ ಕಾಟಾದಲ್ಲಿ ತೂಕದ ಚೀಟಿ ಹರಿದು ಕೊಡುವವನು. ಮನೆಯ ಹಳೆಯ ಫ್ರಿಜ್ ಮಾರುತ್ತೇನೆಂದು ಅವನು ಫೋನಿನಲ್ಲಿ ಫೋಟೋ ಹಾಕಿದ್ದ. ಯಾರೋ ಕೊಳ್ಳುವವನು ಒಂದು ಚೌಕದ ಚಿತ್ರ ಕಳಿಸಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ನಿಮಗೆ ಬರುತ್ತದೆ ಎಂದ. ದಾನೀಶ್ ಹಾಕಿದ. ಹಣ ಬರಲಿಲ್ಲ, ಇದ್ದ ಮೂರು ಸಾವಿರವೂ ಹೋಯಿತು.

"ರೊಕ್ಕ ಬರಾಕ ಪಿನ್ ಯಾಕ ಬೇಕಲೇ? ಪಿನ್ ಇರೂದು ಕೊಡಾಕ" ಎಂದು ಗೌರೀಶ ಗದರಿದ.

"ಅದು ನನಗೂ ಗೊತ್ತಿತ್ತು ದೋಸ್ತ. ಆದ್ರ ಅಂವ ನನಗ ಸರ್ ಅಂದ. ಹುಟ್ಟಿದಾಗಿಂದ ನನಗ ಯಾರೂ ಸರ್ ಅಂದಿರಲಿಲ್ಲ."

ಆ ದಿನವೇ ಗೌರೀಶ ತೂಕದ ಚೀಟಿಯ ಹಿಂಬದಿಯಲ್ಲಿ ಹಣ ಕಳಿಸುವ ಶಾಸನ ಬರೆದ. ಹಣ ಪಡೆಯಲು ಪಿನ್ ಬೇಡ. ಕಳಿಸುವ ಮುನ್ನ ಬರುವ ಹೆಸರು ಓದು. ಮೊದಲು ಒಂದು ರೂಪಾಯಿ ಹಾಕಿ ನೋಡು. ಅವಸರ ಮಾಡುವವನೇ ಕಳ್ಳ. ಅನುಮಾನ ಬಂದರೆ ಫೋನು ಇಟ್ಟು ಮನೆಯವರನ್ನು ಕೇಳು. ಯಾರನ್ನೂ ನಂಬಬೇಡ. ಇದರ ಒಂದು ಪ್ರತಿ ಕಾಟಾದ ಗಾಜಿಗೆ ಅಂಟಿತು. ಒಂದು ಮೊರಬದ ಅಬ್ದುಲ್‌ಸಾಬರ ಕಿರಾಣಿ ಅಂಗಡಿಯ ಗೋಡೆಗೆ. ಇನ್ನೊಂದು ಅವನ ಮನೆಯಲ್ಲೇ, ಹೆಂಡತಿ ನಂದಾಳ ಹೊಲಿಗೆ ಮಷೀನಿನ ಮೇಲಿನ ಗೋಡೆಗೆ. ಪಿನ್ನನ್ನು ಸೋಮವಾರಕ್ಕೊಮ್ಮೆ ಬದಲಿಸತೊಡಗಿದ. ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಹೋಗದಂತೆ ಆ್ಯಪಿಗೆ ತಾನೇ ಮಿತಿ ಹಾಕಿಕೊಂಡ. ಊರಲ್ಲಿ ಕೆಲವರು ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಅದನ್ನು ಅವನು ಗೌರವ ಎಂದುಕೊಂಡ.

ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ನಂದಾಳ ಡಬ್ಬಿ ಅವನ ಕಣ್ಣಿಗೆ ಬಿತ್ತು.

ನಂದಾ ಮೂರು ವರ್ಷದಿಂದ ಕುಬಸ ಹೊಲಿದು, ಸೀರೆಗೆ ಫಾಲ್ ಹಚ್ಚಿ, ಜೋಳದ ಹಿಟ್ಟಿನ ಡಬ್ಬಿಯ ಹಿಂದಿನ ಇನ್ನೊಂದು ಡಬ್ಬಿಯಲ್ಲಿ ಇಪ್ಪತ್ತು ಸಾವಿರ ಕೂಡಿಸಿದ್ದಳು. ಅವಳದು ಬರೀ ಬಟನ್ ಫೋನು. ಅದರಲ್ಲಿ ಹಣ ಕಳಿಸಲು ಬರುತ್ತಿರಲಿಲ್ಲ.

"ಈ ಡಬ್ಬಿಗೆ ಪಿನ್ ಐತೇನು?" ಎಂದ ಗೌರೀಶ.

"ಡಬ್ಬಿಗೆ ನಾ ಅದೀನಲ್ರಿ."

"ನೀ ಹೊಲ್ಯಾಕ ಕುಂತಾಗ?"

"ನಾ ಹೊಲ್ಯಾಕ ಕುಂತಾಗೂ ಡಬ್ಬಿ ಯಾರಿಗೂ ಫೋನ್ ಮಾಡಿಲ್ರಿ, ಡಬ್ಬಿಗೂ ಯಾರೂ ಫೋನ್ ಮಾಡಿಲ್ಲ."

ಇಂಥ ಮಾತಿಗೆ ಶಾಸನದಲ್ಲಿ ಉತ್ತರವಿರಲಿಲ್ಲ. ಆದರೂ ಗಂಡನೆಂಬ ಒಂದು ಹುದ್ದೆ ಇರುತ್ತದಲ್ಲ. ಡಬ್ಬಿಯ ಹಣ ಬ್ಯಾಂಕಿಗೆ ಹೋಗಿ ಗೌರೀಶನ ಖಾತೆಗೆ ಸೇರಿತು. ಕಳ್ಳರ ಕೈಗೆ ಸಿಗದಂತೆ ಎಂದು ಅವನು ಹೇಳಿದ. ನಂದಾಳ ಕೈಗೂ ಸಿಗದಂತಾಯಿತು ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ಇಲ್ಲಿ ಅವನ ಅತ್ತೆಯ ಬಗ್ಗೆ ಎರಡು ಮಾತು ಹೇಳಬೇಕು. ರೇವವ್ವ ಸಂಶಿಯವರು. ಗಂಡ ಮಡಿವಾಳೆಪ್ಪ ತೀರಿಕೊಂಡು ನಾಲ್ಕು ವರ್ಷ. ಹಳೆಯ ರೀತಿಯ ಹೆಣ್ಣುಮಗಳು. ಅಳಿಯನ ಎದುರು ಬಂದು ನಿಂತು ಮಾತನಾಡುವುದು ಅವರ ಪದ್ಧತಿಯಲ್ಲಿಲ್ಲ. ಅಳಿಯ ಬಂದನೆಂದರೆ ತಲೆಯ ಮೇಲೆ ಸೆರಗು, ಅಡುಗೆಮನೆಯ ಬಾಗಿಲ ಮರೆಗೆ ದೇಹ, ಏನಿದ್ದರೂ ಮಗಳ ಮೂಲಕವೇ ಸಂದೇಶ. ಮದುವೆಯಾಗಿ ಮೂರು ವರ್ಷವಾದರೂ ಗೌರೀಶ ಆ ಬಾಗಿಲಿನ ಹಿಂದಿನಿಂದ ಕೇಳಿದ್ದು ಹೆಚ್ಚೆಂದರೆ ಹತ್ತು ಮಾತು. ಅದರಲ್ಲಿ ಆರು "ಇನ್ನೊಂದು ರೊಟ್ಟಿ ಹಾಕವಾ" ಎಂದು ಪಿಸುದನಿಯಲ್ಲಿ ನಂದಾಳಿಗೆ ಹೇಳಿದ್ದು. ಅತ್ತೆಯ ರೊಟ್ಟಿಯ ಅಳತೆ ಅವನಿಗೆ ಗೊತ್ತಿತ್ತು. ಅತ್ತೆಯ ದನಿ ಗೊತ್ತಿರಲಿಲ್ಲ.

ಆದರೂ ಸುರಕ್ಷತೆಯ ವಿಷಯದಲ್ಲಿ ಅತ್ತೆ ಅನ್ನುವ ರಿಯಾಯಿತಿ ಇಲ್ಲ. ಕಳೆದ ಸಲ ಸಂಶಿಗೆ ಹೋದಾಗ ತನ್ನ ನಂಬರನ್ನು ಒಂದು ಚೀಟಿಯಲ್ಲಿ ಬರೆದು, ನಂದಾಳ ಕೈಯಲ್ಲಿ ಕೊಟ್ಟು, "ನಿಮ್ಮವ್ವಗ ಹೇಳು, ರೊಕ್ಕದ ಮಾತಿದ್ರ ಯಾರಿಗೂ ಕೇಳಬಾರದು, ನನಗ ಮಾಡಬೇಕು" ಎಂದಿದ್ದ. ರೇವವ್ವ ಆ ಚೀಟಿಯನ್ನು ಸಂಚಿಯಲ್ಲಿ, ಅಡಿಕೆಯ ಜೊತೆ ಇಟ್ಟುಕೊಂಡರು.

ಹೀಗಿರುವಾಗ ಎಮ್ಮೆಯ ಸುದ್ದಿ ಬಂತು.

ಆ ಎಮ್ಮೆ ರೇವವ್ವನ ಕೊಟ್ಟಿಗೆಯಲ್ಲೇ ಹುಟ್ಟಿದ್ದು. ಗಂಡ ಆಸ್ಪತ್ರೆಯಲ್ಲಿದ್ದಾಗ, ಅದು ಇನ್ನೂ ಕಡಸಿದ್ದಾಗಲೇ, ಬಾಜು ಮನೆಯ ಮಶಾಕಸಾಬನಿಗೆ ಮಾರಿದ್ದರು. ಈಗ ಮಶಾಕಸಾಬನ ಮಗಳು ಜಾಸ್ಮಿನ್‌ಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಫೀ ಕಟ್ಟಲು ಅವನು ಎಮ್ಮೆ ಮಾರಲೇಬೇಕು. ದಲ್ಲಾಳಿ ಆಗಲೇ ಬಂದು ನೋಡಿ ಹೋಗಿದ್ದ. ಆದರೆ ಮಶಾಕಸಾಬ ಮೊದಲು ಬಂದು ನಿಂತದ್ದು ರೇವವ್ವನ ಅಂಗಳದಲ್ಲಿ. "ಅಕ್ಕಾ, ನಿನ್ನ ಎಮ್ಮಿ. ಮೊದಲ ನಿನಗ ಕೇಳಾಕತ್ತೀನಿ" ಎಂದ. ಅರವತ್ತು ಸಾವಿರಕ್ಕೆ ಮಾತಾಯಿತು. ರೇವವ್ವನ ಹತ್ತಿರ ನಲವತ್ತಿತ್ತು. ಉಳಿದ ಇಪ್ಪತ್ತು ನಂದಾ ಕೊಡುತ್ತೇನೆಂದಳು.

"ಇವತ್ತ ಮಧ್ಯಾಹ್ನ ಅವ್ವ ಫೋನ್ ಮಾಡ್ತಾಳ್ರಿ. ಮಾಡಿದ ಕೂಡ್ಲೆ ಅಕಿ ಖಾತೇಕ ಮಿತಿ ಏರಿಸ್ಯಾರ ಹಾಕ್ರಿ, ಹ್ಯಾಂಗಾರ ಹಾಕ್ರಿ. ಸಂಜಿಕಿಂತ ಮೊದಲ ಎಮ್ಮಿ ನಮ್ಮ ಗ್ವಾದ್ಲಿಗೆ ಬರಬೇಕು" ಎಂದು ಬೆಳಿಗ್ಗೆ ಬುತ್ತಿ ಕಟ್ಟುತ್ತ ನಂದಾ ಹೇಳಿದಳು. ಹೇಳುವಾಗ ಅವಳ ಮುಖ ಹಬ್ಬದ ಹಾಗಿತ್ತು. ತವರಿಗೆ ಹೆಣ್ಣುಮಗಳು ಕೈಯೆತ್ತಿ ಕೊಡುವ ಸುಖ ಬೇರೆಯದು. ಅದು ತನ್ನ ಹೊಲಿಗೆಯ ಹಣವಾದರಂತೂ ಹೇಳುವುದೇ ಬೇಡ.

"ಚಿಂತೀನ ಬ್ಯಾಡ. ಕೆಲಸ ಯಾರ ಕೈಯಾಗ ಐತಿ ನೋಡು" ಎಂದು ಗೌರೀಶ ಗಾಡಿ ಹತ್ತಿದ.

ಹನ್ನೆರಡೂವರೆಗೆ ಫೋನು ಬಂತು. ಕಾಟಾದ ಮೇಲೆ ಹತ್ತಿಕಾಳಿನ ಲಾರಿ ನಿಂತಿತ್ತು. ಲಾರಿ ಡ್ರೈವರ್ ಯಲ್ಲಪ್ಪ ತೂಕಕ್ಕೆ ಕಾಯುತ್ತಿದ್ದ. ದಾನೀಶ್ ಚೀಟಿ ಪುಸ್ತಕ ಹಿಡಿದಿದ್ದ. ನಂಬರು ಹೊಸದು.

"ಹಲೋ! ಅಳಿಯಾರೇನ್ರಿ? ನಾನ್ರಿ, ನಂದಾನ ಅವ್ವ!"

ದನಿ ಕಿವಿಯ ತಮಟೆ ಹರಿಯುವಂತಿತ್ತು. ಸಂಶಿಯಿಂದ ನವಲಗುಂದಕ್ಕೆ ಮಾತು ಮುಟ್ಟಬೇಕಾದರೆ ಅಷ್ಟು ಕೂಗಲೇಬೇಕೆಂದು ಆ ಹೆಣ್ಣುಮಗಳು ತಿಳಿದಂತಿತ್ತು. ಗೌರೀಶನ ಅತ್ತೆ ಪಿಸುಗುಟ್ಟುವವರು. ಅವನ ಎಡಗಡೆಯ ಹುಬ್ಬು ಮೇಲೇರಿತು.

"ನನ್ನ ಫೋನ್ ಎಮ್ಮಿ ನೀರ ಕುಡಿಯೂ ದೋಣ್ಯಾಗ ಬಿತ್ತ್ರಿ. ಇದು ಮಶಾಕಸಾಬನ ಫೋನು. ರೊಕ್ಕ ನನ್ನ ಖಾತೇಕ ಹಾಕಬ್ಯಾಡ್ರಿ, ಈ ನಂಬರಿಗೇ ಹಾಕಿಬಿಡ್ರಿ. ಲಗೂ ಹಾಕ್ರಿ, ನಾಕ್ ಗಂಟೇಕ ದಲ್ಲಾಳಿ ಗಾಡಿ ತರ್ತಾನಂತ."

ಹೊಸ ನಂಬರು. ಹಳೆಯ ಫೋನು ಕೆಟ್ಟ ಕತೆ. ಬೇರೆ ಖಾತೆ. ಅವಸರ. ಗೌರೀಶ ಬರೆದ ಶಾಸನದ ಸಾಲುಗಳೇ ಎದ್ದು ಬಂದು ಸಾಲಾಗಿ ನಿಂತಂತಾಯಿತು. ಅವನು ದಾನೀಶನ ಫೋನಿನಿಂದ ಅತ್ತೆಯ ಹಳೆಯ ನಂಬರಿಗೆ ಹಚ್ಚಿ ನೋಡಿದ. ಸ್ವಿಚ್ ಆಫ್. ತನ್ನ ಆ್ಯಪಿನಲ್ಲಿ ಹೊಸ ನಂಬರು ಒತ್ತಿ ನೋಡಿದ. ಹೆಸರು ಬಂತು: ಜಾಸ್ಮಿನ್.

"ಮಶಾಕಸಾಬನ ನಂಬರು ಅಂದ್ರಿ. ಇಲ್ಲಿ ಜಾಸ್ಮಿನ್ ಅಂತ ಬರಾಕತ್ತೈತಲ್ಲ?"

"ಅಂವನ ಮಗಳ್ರಿ. ರೊಕ್ಕ ಅಕಿ ಖಾತೇಕ ಹೋಗಬೇಕಂತ, ಫೀ ಕಟ್ಟಾಕ."

ಇಲ್ಲಿಯವರೆಗೆ ಗೌರೀಶನ ಅನುಮಾನದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಯಾರಾದರೂ ಅನುಮಾನ ಪಡಬೇಕಾದದ್ದೇ. ಇನ್ನೊಂದು ಕೆಲಸ ಉಳಿದಿತ್ತು. ಫೋನು ಇಟ್ಟು ನಂದಾಳಿಗೊಂದು ಕರೆ ಮಾಡುವುದು. ಅರ್ಧ ನಿಮಿಷದ ಮಾತು. ಆದರೆ ಯಲ್ಲಪ್ಪ ಕಿಟಕಿಯಲ್ಲಿ ಇಣುಕಿ, "ಏನ್ರಿ ಅದು?" ಎಂದ. ದಾನೀಶ್ ಮೆಲ್ಲಗೆ, "ಕಳ್ಳಿ ಸಿಕ್ಕಾಳ" ಎಂದ. ಇನ್ನೂ ಇಬ್ಬರು ಹಮಾಲರು ಬಂದು ನಿಂತರು. ಜನ ಸೇರಿದ ಮೇಲೆ ಗೌರೀಶ ಗೌರೀಶನಾಗಿ ಉಳಿಯಲಿಲ್ಲ. ಸ್ಪೀಕರ್ ಹಚ್ಚಿದ.

"ನನ್ನ ಲಾರಿ ತೂಗ್ರಿ ಮೊದಲ" ಎಂದ ಯಲ್ಲಪ್ಪ.

"ತಡಿಯೋ, ಈಗ ಕಳ್ಳರನ್ನ ತೂಗಾಕತ್ತೀನಿ" ಎಂದು ಗೌರೀಶ ಗಂಟಲು ಸರಿಮಾಡಿಕೊಂಡ. "ಹಾಂ, ಅತ್ತಿಯವರ. ಒಂದೆರಡು ಪ್ರಶ್ನಿ ಅದಾವು. ನೀವು ನಮ್ಮ ಅತ್ತಿನ ಹೌದಂದ್ರ ನನ್ನ ಹೆಸರು ಹೇಳ್ರಿ."

"ಅಳಿಯಾರ ಹೆಸರ ಬಾಯಾಗ ಹ್ಯಾಂಗ ತರ್ಲ್ರಿ? ಹಂಗ ಹೇಳಬಾರದ್ರಿ."

"ಗೊತ್ತಿಲ್ಲ ಅನ್ರಿ" ಎಂದ ಗೌರೀಶ. ಹಮಾಲರು ನಕ್ಕರು. "ಹೋಗ್ಲಿ, ನಮ್ಮ ಮಾವನವರ ಹೆಸರು?"

ಆ ಕಡೆ ಯಾರೋ ಕೆಮ್ಮಿದ್ದು, ಎಮ್ಮೆಯೊಂದು ಉಸಿರು ಬಿಟ್ಟದ್ದು ಕೇಳಿಸಿತು. ಗಂಡನ ಹೆಸರನ್ನು ಆ ಹೆಣ್ಣುಮಗಳು ಹಾಗೇ ಬಾಯಿಗೆ ತರುವವಳಲ್ಲ. ತರಲೇಬೇಕಾದರೆ ಒಡಪು ಹಾಕಬೇಕು, ಪದ ಕಟ್ಟಿ ಅದರ ನಡುವೆ ಹೆಸರನ್ನು ಇಟ್ಟು ಹೇಳಬೇಕು. ಅದೂ ಮದುವೆಯಲ್ಲಿ, ಸೋಬಾನದಲ್ಲಿ, ನಗುವ ಹೆಂಗಸರ ನಡುವೆ. ಮಧ್ಯಾಹ್ನದ ಬಿಸಿಲಲ್ಲಿ, ಎಮ್ಮೆಯ ದೋಣಿಯ ಪಕ್ಕ, ಪರರ ಫೋನಿನಲ್ಲಿ ಅಲ್ಲ.

"ಹೇಳ್ರಿ, ಹೇಳ್ರಿ. ಮಾವನ ಹೆಸರ ಮರತೈತೇನು?"

ಆಗ ಫೋನಿನಲ್ಲಿ ಆ ದನಿ, ಸ್ವಲ್ಪ ತಗ್ಗಿ, ಹೇಳಿತು:

"ಎರಿ ಹೊಲದಾಗ ಹತ್ತಿ ನಕ್ಕಾವ ನೂರು,
ಮಡಿವಾಳೆಪ್ಪನವರ ಹೆಸರ ಹೇಳೇನಿ, ಬಾಗಲ ಬಿಡ್ರಿ ಎಲ್ಲಾರು."

ಕಾಟಾದ ಕೋಣೆಯಲ್ಲಿ ಚಪ್ಪಾಳೆ ಬಿತ್ತು. "ಭಲೇ, ಹಾಡೂ ಕಳ್ಳಿ ಅದಾಳ" ಎಂದ ಯಲ್ಲಪ್ಪ. ದಾನೀಶ್ ಮಾತ್ರ, "ಲೇ, ಹೆಸರು ಬರೋಬ್ಬರಿ ಐತೇನು?" ಎಂದು ಕೇಳಿದ.

"ಬರೋಬ್ಬರಿ ಐತಿ. ಅದಕ್ಕ ಅನುಮಾನ. ಈ ಮಂದಿ ಕಡೆ ಎಲ್ಲಾರ ಹೆಸರೂ ಇರ್ತಾವು" ಎಂದ ಗೌರೀಶ. ತಪ್ಪು ಹೇಳಿದರೆ ಕಳ್ಳಿ, ಸರಿ ಹೇಳಿದರೆ ದೊಡ್ಡ ಕಳ್ಳಿ. ಆ ಹೊತ್ತಿಗೆ ಅವನ ತರ್ಕ ಅಲ್ಲಿಗೆ ಮುಟ್ಟಿತ್ತು. ಇನ್ನು ಉಳಿದದ್ದು ಬ್ರಹ್ಮಾಸ್ತ್ರ. ಯಾವ ಕಾಗದದಲ್ಲೂ ಇರದ, ಯಾವ ಕಳ್ಳನಿಗೂ ಸಿಗದ ಪ್ರಶ್ನೆ.

"ಮೊದಲ ದೀಪಾವಳಿಗೆ ನನಗೇನ ಕೊಟ್ಟಿದ್ರಿ?"

"ಉಂಗುರ್ರಿ. ಅರ್ಧ ತೊಲಿದು."

"ಅಲ್ಲೇ ಸಿಕ್ಕಿಬಿದ್ರಿ ನೋಡ್ರಿ. ಅರ್ಧ ತೊಲಿ ಅಂತ ನಮ್ಮ ಅತ್ತಿ ಮಂದಿ ಮುಂದ ಹೇಳಿದ್ದು. ಖರೇ ಎಷ್ಟಿತ್ತು? ನಾ ಅಕ್ಕಸಾಲಿಗ್ಯಾನ ಕಡೆ ತೂಗಿಸೀನಿ. ಮೂರೂವರಿ ಗ್ರಾಂ. ನಮ್ಮತ್ತಿ ಆಗಿದ್ರ ನಿಮಗ ಅದು ಗೊತ್ತಿರ್ತಿತ್ತು."

ಈ ಮಾತನ್ನು ಅವನು ಮೂರು ವರ್ಷದಲ್ಲಿ ನಂದಾಳಿಗೂ ಹೇಳಿರಲಿಲ್ಲ. ಈಗ ದಾನೀಶನಿಗೆ, ಇಬ್ಬರು ಹಮಾಲರಿಗೆ, ಒಬ್ಬ ಲಾರಿ ಡ್ರೈವರನಿಗೆ ಮತ್ತು ಆ ಕಡೆಯ ಫೋನಿಗೆ ಒಟ್ಟಿಗೆ ಹೇಳಿದ.

ಆ ಕಡೆಯಿಂದ "ಇಡ್ತೀನ್ರಿ" ಎಂಬ ಒಂದೇ ಮಾತು. ಪಿಸುದನಿ.

ಆ ಪಿಸುದನಿಯನ್ನು ರೊಟ್ಟಿಯ ಜೊತೆ ಎಲ್ಲೋ ಕೇಳಿದ್ದೇನೆ ಎಂದು ಗೌರೀಶನಿಗೆ ಅನ್ನಿಸಿತು. ಆದರೆ ಯಲ್ಲಪ್ಪ ಬೆನ್ನು ತಟ್ಟಿದ. ಒಬ್ಬ ಹಮಾಲ ಚಹಾ ತರಿಸಿದ. ಅನ್ನಿಸಿದ್ದು ಚಹಾದೊಂದಿಗೆ ಕೆಳಗಿಳಿಯಿತು. ಗೌರೀಶ ಆ ನಂಬರನ್ನು ಬ್ಲಾಕ್ ಮಾಡಿದ. ಅಷ್ಟು ಸಾಲದೆಂದು, "ಎಚ್ಚರಿಕೆ! ಅತ್ತೆಯ ಹೆಸರಿನಲ್ಲಿ ಹಣ ಕೇಳುವ ವಂಚಕಿಯ ನಂಬರು. ಎಲ್ಲರಿಗೂ ಕಳಿಸಿ" ಎಂದು ಬರೆದು, ತಾನಿದ್ದ ಒಂಬತ್ತೂ ವಾಟ್ಸಾಪ್ ಗುಂಪುಗಳಿಗೆ ಹಾಕಿದ. ಎಲ್ಲರೂ ಕಳಿಸಿದರು. ಒಳ್ಳೆಯ ಸುದ್ದಿಗೆ ಆ ಭಾಗ್ಯ ಬರುವುದಿಲ್ಲ.

ಎರಡಕ್ಕೆ ಪಾಳಿ ಮುಗಿಯಿತು. ಮೂರರ ಹೊತ್ತಿಗೆ ಅವನು ಗೆದ್ದ ಹೋರಿಯ ಹಾಗೆ ಮನೆಯ ಹೊಸ್ತಿಲು ದಾಟಿದ. ನಂದಾ ಮಷೀನಿನ ಮುಂದೆ ಇದ್ದಳು.

"ರೊಕ್ಕ ಹಾಕಿದ್ರ್ಯಾ?"

"ನಿನ್ನ ರೊಕ್ಕ ಉಳಿಸಿ ಬಂದೀನಿ. ಕುಂದ್ರು, ಹೇಳ್ತೀನಿ."

ಹೇಳಿದ. ಹೊಸ ನಂಬರಿನಿಂದ ಹಿಡಿದು ಬ್ಲಾಕ್ ಮಾಡಿದವರೆಗೆ, ಉಂಗುರದ ಮಾತೊಂದನ್ನು ನುಂಗಿ, ಉಳಿದದ್ದನ್ನೆಲ್ಲ ದನಿ ಸಮೇತ ಹೇಳಿದ. ಕಳ್ಳಿಯ ಹಾಡನ್ನು ಮೂಗಿನಲ್ಲಿ ಹಾಡಿಯೂ ತೋರಿಸಿದ. ನಂದಾಳ ಕಾಲು ಪೆಡಲ್ ಮೇಲೆ ನಿಂತುಬಿಟ್ಟಿತು.

"ಇನ್ನೊಮ್ಮೆ ಹೇಳ್ರಿ ಆ ಒಡಪು."

ಎರಡನೆಯ ಸಲ ಹೇಳುವಾಗ ಗೌರೀಶನ ಮೂಗಿನ ದನಿ ತಾನಾಗಿಯೇ ಹೋಗಿತ್ತು.

"ಅದು ನಮ್ಮವ್ವ ಮದಲಗಿತ್ತಿ ಆಗಿ ಬಂದಾಗ ಹೊಸ್ತಲದಾಗ ನಿಂತು ಹೇಳಿದ ಒಡಪು" ಎಂದಳು ನಂದಾ. "ನಮ್ಮಪ್ಪನ ಅಕ್ಕತಂಗ್ಯಾರು ಬಾಗಲ ಅಡ್ಡ ನಿಂತಿದ್ರಂತ. ನಾವು ಸಣ್ಣವರಿದ್ದಾಗ ಎಷ್ಟ ಕಾಡಿದ್ರೂ ಒಮ್ಮೆ ಹೇಳಿ ಮುಖ ಮುಚ್ಚಿಕೊಳ್ತಿದ್ಲು. ಅಪ್ಪ ಹೋದ ಮ್ಯಾಲೆ ಆ ಹೆಸರು ಅಕಿ ಬಾಯಾಗ ಬಂದಿಲ್ರಿ. ಒಂದ ಸಲಾನೂ ಬಂದಿಲ್ಲ."

ಗೌರೀಶ ತಲೆಯೆತ್ತಿದ. ಮೇಲೆ ಗೋಡೆಯಲ್ಲಿ ಅವನದೇ ಅಕ್ಷರ ಅವನನ್ನು ನೋಡುತ್ತಿತ್ತು.

"ನಂಬರ ಹೊಸದು, ಹೆಸರ ಬ್ಯಾರೆ... ಅನುಮಾನ ಬಂತು ನಂದಾ."

"ಅನುಮಾನ ಬಂದದ್ದು ತಪ್ಪಲ್ರಿ. ನನಗ ಬಂದಿದ್ರೂ ಬರ್ತಿತ್ತು" ಎಂದು ನಂದಾ ಗೋಡೆಯ ಚೀಟಿಗೆ ಬೆರಳು ಇಟ್ಟಳು. "ಇಲ್ಲಿ ನೋಡ್ರಿ, ಐದನೇ ಸಾಲು. ಮನಿಯವರನ್ನ ಕೇಳು ಅಂತ ನೀವ ಬರದೀರಿ. ಈ ಮನ್ಯಾಗ ನಾ ಇದ್ದಿಲ್ಲೇನು?"

ಗಂಟೆ ಮೂರೂಕಾಲು. ದಲ್ಲಾಳಿ ಬರುವುದು ನಾಲ್ಕಕ್ಕೆ. ಗೌರೀಶ ಬ್ಲಾಕ್ ತೆಗೆದು ಮಶಾಕಸಾಬನ ನಂಬರಿಗೆ ಹಚ್ಚಿದ. ಫೋನು ಬಂದ್ ಆಗಿತ್ತು. ಒಂಬತ್ತು ಗುಂಪುಗಳ ಸತ್ಯವಂತರೆಲ್ಲ ಸೇರಿ ಅದನ್ನು ಬಂದ್ ಮಾಡಿಸಿದ್ದರು. ಮಾತಿಲ್ಲದಿದ್ದರೆ ಹಣವಾದರೂ ಹೋಗಲಿ ಎಂದು ಆ್ಯಪ್ ತೆರೆದ. ದಿನದ ಮಿತಿ ಐದು ಸಾವಿರ ಎಂದಿತು. ಮಿತಿ ಏರಿಸಲು ಹೋದ. ಪಿನ್ ಕೇಳಿತು. ಅಂದು ಮಂಗಳವಾರ. ನಿನ್ನೆಯಷ್ಟೇ ಬದಲಿಸಿದ್ದ, ಹೊಸದು ನೆನಪಿಗೆ ಬರಲಿಲ್ಲ. ಹಳೆಯದನ್ನು ಹಾಕಿದ, ಅದಕ್ಕೂ ಹಿಂದಿನದನ್ನು ಹಾಕಿದ, ಮೂರನೆಯದನ್ನೂ ತಪ್ಪಾಗಿ ಹಾಕಿದ. ಇನ್ನು ನಾಳೆ ಬನ್ನಿ ಎಂದು ಫೋನು ಬಾಗಿಲು ಹಾಕಿಕೊಂಡಿತು. ಕೋಟೆ ಅಷ್ಟು ಭದ್ರವಾಗಿತ್ತು. ಕಟ್ಟಿದವನೇ ಹೊರಗೆ ಉಳಿದಿದ್ದ.

ಇಬ್ಬರೂ ಅಬ್ದುಲ್‌ಸಾಬರ ಅಂಗಡಿಗೆ ಓಡಿದರು.

"ಕಾಕಾ, ಇಪ್ಪತ್ತ ಸಾವಿರ ಕೊಡ್ರಿ. ನಾಳೆ ಪಿನ್ ತೆರದ ಕೂಡ್ಲೆ ನಿಮ್ಮ ಫೋನಿಗೆ ಹಾಕ್ತೀನಿ" ಎಂದ ಗೌರೀಶ.

ಅಬ್ದುಲ್‌ಸಾಬರು ಕನ್ನಡಕ ಏರಿಸಿ ಅವನನ್ನು ನೋಡಿದರು. ಆಮೇಲೆ ಗೋಡೆಯನ್ನು ನೋಡಿದರು. "ಕೊಡಬಹುದಿತ್ತು ತಮ್ಮಾ. ಆದ್ರ ಇಲ್ಲಿ ಯಾರೋ ಬರದು ಹಚ್ಯಾರ. ಅವಸರ ಮಾಡಾಂವನ ಕಳ್ಳ ಅಂತ. ಯಾರನ್ನೂ ನಂಬಬ್ಯಾಡ ಅಂತ. ಅಂವ ಭಾಳ ಶ್ಯಾಣ್ಯಾ ಮನಶ್ಯಾ ಅಂತಾರ."

"ಕಾಕಾ, ನಾ ಕೇಳಾಕತ್ತೀನ್ರಿ" ಎಂದಳು ನಂದಾ.

"ನಿನಗಾದ್ರ ತಗೋ ಬೇಟಿ" ಎಂದು ಅವರು ಗಲ್ಲಾಪೆಟ್ಟಿಗೆ ಎಳೆದರು. ಎಣಿಸಿ ಅವಳ ಕೈಗೇ ಕೊಟ್ಟರು. ಕಾಗದವಿಲ್ಲ, ಸಹಿಯಿಲ್ಲ.

ಸಂಶಿಯ ದಾರಿಯುದ್ದಕ್ಕೂ ನಂದಾ ಗಾಡಿಯ ಹಿಂದೆ ಹಣದ ಚೀಲವನ್ನು ಮಡಿಲಲ್ಲಿ ಹಿಡಿದು ಕುಳಿತಿದ್ದಳು.  ಬೈದಿದ್ದರೆ ದಾರಿ ಸಣ್ಣದಾಗುತ್ತಿತ್ತು. ಬೈಗುಳವಿಲ್ಲದ ರಸ್ತೆಯಲ್ಲಿ ಪ್ರತಿ ಕಿಲೋಮೀಟರಿನ ಕಲ್ಲನ್ನೂ ಗೌರೀಶ ಓದಿದ.

ಮುಟ್ಟಿದಾಗ ಐದು ಗಂಟೆ ಹತ್ತು ನಿಮಿಷ. ಮಶಾಕಸಾಬನ ಅಂಗಳದಲ್ಲಿ ಗೂಟವಿತ್ತು. ಗೂಟದ ಸುತ್ತ ಹಸಿ ಸಗಣಿಯಿತ್ತು. ಮೇಯಲು ಹಾಕಿದ್ದ ಕಣಿಕೆ ಅರ್ಧ ಉಳಿದಿತ್ತು. ಎಮ್ಮೆ ಇರಲಿಲ್ಲ.

ಮಶಾಕಸಾಬ ಕಟ್ಟೆಯ ಮೇಲೆ ಕುಳಿತಿದ್ದ. ಗೌರೀಶನನ್ನು ನೋಡಿ ಎದ್ದು ನಿಂತ. ಊರ ಅಳಿಯನಲ್ಲವೇ, ಮರ್ಯಾದೆ ಬಿಡಲಿಲ್ಲ.

"ಬರ್ರಿ ಅಳಿಯಾರ. ಫೋನ್ ಬಂದ್ ಇಟ್ಟೀನ್ರಿ, ತಪ್ಪ ತಿಳಿಬ್ಯಾಡ್ರಿ. ಮಧ್ಯಾಹ್ನದಿಂದ ಯಾರ್ಯಾರೋ ಮಾಡಿ ಬೈಯಾಕತ್ತಾರ. ಒಬ್ಬಾಂವ ಬೆಳಗಾವಿಯಿಂದ ಮಾಡಿದ್ದ. ನನ್ನ ಮಗಳ ಹೆಸರಿಗಿರೂ ಈ ನಂಬರ ಎಲ್ಲೋ ಹಾಕ್ಯಾರಂತ್ರಿ. ಅಕಿ ಕುಂತ ಅಳಾಕತ್ತಾಳ."

"ಅದು..." ಎಂದ ಗೌರೀಶ. 

"ಎಮ್ಮಿ ಕೊಟ್ಟ ಬಿಟ್ಟಿ ಏನ ಕಾಕಾ? ಒಂದ ತಾಸು ತಡಿಬೇಕಿಲ್ಲ?" ಎಂದಳು ನಂದಾ. 

"ತಾಸಲ್ಲವಾ, ತಿಂಗಳ ತಡೀತಿದ್ನಿ" ಎಂದ ಮಶಾಕಸಾಬ. "ನಾ ನಿಮ್ಮವ್ವಗ ಅಂದ್ನಿ, ಅಕ್ಕಾ, ನಲವತ್ತ ಕೊಡು, ಎಮ್ಮಿ ಹೊಡಕೊಂಡು ಹೋಗು. ಫೀಗೆ ಉಳಿದದ್ದು ನಾ ನಮ್ಮ ಮಾವನ ಕಡೆ ತರ್ತೀನಿ. ಇಪ್ಪತ್ತ ಯಾವಾಗರ ಕೊಡು ಅಂತ. ಅಕಿ ಬ್ಯಾಡ ಅಂದ್ಲು."

"ಯಾಕ?"

ಮಶಾಕಸಾಬ ಗೌರೀಶನ ಕಡೆ ನೋಡಲಿಲ್ಲ. ಖಾಲಿ ಗೂಟದ ಕಡೆ ನೋಡಿದ. "ನಮ್ಮ ಮನಿ ಮಂದೀನ ನನ್ನ ನಂಬಲಿಲ್ಲ, ನೀ ಹ್ಯಾಂಗ ನಂಬತಿ ತಮ್ಮಾ, ನಿನಗೂ ಮಕ್ಕಳು ಅದಾವು ಅಂದ್ಲು. ದಲ್ಲಾಳಿ ಬಂದಾಗ ತಾನ ಹಗ್ಗ ಬಿಚ್ಚಿ ಕೊಟ್ಟಳ್ರಿ."

ಕಾಟಾದಲ್ಲಿ ಮೂವತ್ತು ಟನ್ ಲಾರಿ ನಿಂತಾಗ ನೆಲ ಒಂದಿಷ್ಟು ಕುಸಿದಂತಾಗುತ್ತದೆ. ಅಂಥದ್ದೊಂದು ಲಾರಿ ಗೌರೀಶನ ಮೇಲೆ ಬಂದು ನಿಂತಿತು. ತೂಗುವವರು ಯಾರೂ ಇರಲಿಲ್ಲ. ಅವನು ಅಲ್ಲೇ ನಿಂತು, ಒಂಬತ್ತು ಗುಂಪುಗಳಿಗೂ "ಆ ನಂಬರು ಒಳ್ಳೆಯವರದು, ಕಳ್ಳ ನಾನೇ, ಕ್ಷಮಿಸಿ" ಎಂದು ಬರೆದು ಹಾಕಿದ. ಅದನ್ನು ಯಾರೂ ಯಾರಿಗೂ ಕಳಿಸಲಿಲ್ಲ. ಮೂರು ಜನ ಮಾತ್ರ ಹೆಬ್ಬೆರಳು ತೋರಿಸಿದರು.

ಬಾಜು ಮನೆಯಲ್ಲಿ ರೇವವ್ವ ಚಹಾಕ್ಕಿಟ್ಟಿದ್ದರು. ಎಂದಿನಂತೆ ಬಾಗಿಲ ಮರೆಯಿಂದಲೇ ಕಪ್ಪು ನಂದಾಳ ಕೈಗೆ ಬಂತು, ನಂದಾಳಿಂದ ಅವನಿಗೆ. ಪಾಕೀಟಿನ ಹಾಲು. ಗೌರೀಶ ಒಂದು ಗುಟುಕು ಕುಡಿದು ಕಾಯುತ್ತ ಕುಳಿತ. ಈಗ ಉಂಗುರದ ಮಾತು ಬರುತ್ತದೆ, ಈಗ ಬರುತ್ತದೆ, ನಂದಾಳ ಮುಂದೆಯೇ ಬರುತ್ತದೆ. ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತು. ರೇವವ್ವ ಮಗಳೊಂದಿಗೆ ಆಡಿದ ಮಾತೆಲ್ಲ ಹೊಲಿಗೆಯದು, ಮೊರಬದ ಮಳೆಯದು, ಜಾಸ್ಮಿನ್ನಳ ಕಾಲೇಜಿನದು. ಮೂರೂವರೆ ಗ್ರಾಮಿನ ಲೆಕ್ಕ ಅವರೊಬ್ಬರಲ್ಲೇ ಉಳಿಯಿತು. ಗಂಡನ ಆಸ್ಪತ್ರೆಯ ಖರ್ಚು ಕಳೆದು ಉಳಿದದ್ದು ಅಷ್ಟೇ ಬಂಗಾರವೆಂದು ಗೌರೀಶನಿಗೆ ಯಾರೂ ಹೇಳಲಿಲ್ಲ. ಹೇಳದೆಯೇ ಅವನಿಗೆ ತಿಳಿಯಿತು. ಮೂರು ವರ್ಷ ತಡವಾಗಿ.

"ತಪ್ಪಾತ್ರಿ ಅತ್ತಿ" ಎಂದ ಅವನು ಬಾಗಿಲಿಗೆ. "ನಾ ಏನ್ ಮಾಡ್ಲಿ ಹೇಳ್ರಿ. ಇನ್ನೊಂದು ಎಮ್ಮಿ..."

ಹದಿನಾಲ್ಕು ಸಾವಿರ ಸಂಬಳದ ಬಾಯಲ್ಲಿ ಎಮ್ಮೆ ಎಂಬ ಮಾತು ಅರ್ಧಕ್ಕೆ ನಿಂತಿತು.

ಬಾಗಿಲ ಹಿಂದಿನಿಂದ ರೇವವ್ವ ನಂದಾಳಿಗೆ, ಆದರೆ ಅವನಿಗೆ ಕೇಳಿಸುವಷ್ಟು, ಹೇಳಿದರು: "ಎಮ್ಮಿ ಬಂದಿದ್ರ ಮನ್ಯಾಗ ಹಾಲ ಇರ್ತಿತ್ತವಾ. ಈಗ ದಿನಾ ಪಾಕೀಟ ತರಬೇಕು. ಇಪ್ಪತ್ತೆಂಟು ರೂಪಾಯಿ."

"ಕೇಳಿದ್ರ್ಯಾ?" ಎಂದಳು ನಂದಾ.

ಕೇಳಿದ. ಮರುದಿನ ಪಿನ್ ತೆರೆಯಿತು. ಅಬ್ದುಲ್‌ಸಾಬರ ಹಣ ಐದೈದು ಸಾವಿರದಂತೆ ನಾಲ್ಕು ದಿನಕ್ಕೆ ಮುಟ್ಟಿತು. ಮಡಿಲಲ್ಲಿದ್ದ ಆ ಇಪ್ಪತ್ತು ಸಾವಿರವನ್ನೇ ತೆಗೆದುಕೊಂಡು ನಂದಾ ಬ್ಯಾಂಕಿಗೆ ಹೋಗಿ ತನ್ನದೇ ಖಾತೆ ತೆರೆದಳು, ತನ್ನದೇ ದೊಡ್ಡ ಫೋನು ಕೊಂಡಳು, ಪಿನ್ನನ್ನು ಗಂಡನಿಗೆ ಹೇಳಲಿಲ್ಲ. ಗೋಡೆಯ ಚೀಟಿಯನ್ನು ಅವಳು ತೆಗೆಯಲಿಲ್ಲ. ಕೊನೆಯ ಸಾಲನ್ನು ಮಾತ್ರ ಸೀರೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹೊಡೆದು ಹಾಕಿದಳು. ರೇವವ್ವನಿಗೂ ಹೊಸ ಫೋನು ಹೋಯಿತು, ಅದು ಗೌರೀಶನ ಖರ್ಚಿನಲ್ಲಿ.

ಈಗ ದಿನಾ ಬೆಳಿಗ್ಗೆ ಆರೂವರೆಗೆ, ಪಾಳಿಗೆ ಹೊರಡುವ ಮುನ್ನ, ಗೌರೀಶ ಸಂಶಿಗೆ ಇಪ್ಪತ್ತೆಂಟು ರೂಪಾಯಿ ಹಾಕುತ್ತಾನೆ. ಹೆಸರು ಓದುತ್ತಾನೆ, ಅಂಕಿ ಎರಡು ಸಲ ನೋಡುತ್ತಾನೆ, ಆಮೇಲೆ ಪಿನ್. ಅದಾದ ಮೇಲೆ ಮುಟ್ಟಿತೋ ಇಲ್ಲವೋ ಎಂದು ಕೇಳಲು ಕರೆ ಮಾಡುತ್ತಾನೆ. ಮೂರು ವರ್ಷದಲ್ಲಿ ಆಡದಷ್ಟು ಮಾತು ಅತ್ತೆ ಅಳಿಯರ ನಡುವೆ ಈಗ ಒಂದು ವಾರದಲ್ಲಿ ಆಗುತ್ತದೆ.

"ಅತ್ತಿ, ಬಂತೇನ್ರಿ?"

"ಬಂದೈತ್ರಿ. ಯಾರು ಮಾತಾಡೂದು?"

ಅವರ ಫೋನಿನಲ್ಲಿ ಅವನ ಹೆಸರೂ ಫೋಟೋವೂ ಬರುತ್ತದೆ. ಹಾಕಿಕೊಟ್ಟವನು ಅವನೇ. ಆದರೂ ಅವರು ಒಂದು ದಿನವೂ ತಪ್ಪದೆ ಕೇಳುತ್ತಾರೆ.

"ನಾನ್ರಿ, ನಿಮ್ಮ ಅಳಿಯ."

ಆ ಕಡೆ ಹಾಲಿನ ಪಾಕೀಟು ಕತ್ತರಿಸುವ ಸಪ್ಪಳ.

"ಇರ್ಲಿ ಬಿಡ್ರಿ" ಎನ್ನುತ್ತಾರೆ ರೇವವ್ವ. "ನಾ ನಂಬತೀನಿ."